ಗಾಳಿಮಳೆ ಹೋದ ಮೇಲಿನ ವಾರ

ನಮ್ಮ ಕಾಮಸಮುದ್ರದಲ್ಲಿ ಬೇಸಿಗೆಯ ಗಾಳಿಮಳೆಗೆ ಮೂರು ಹೆಸರು. ನಮ್ಮ ಮನೆಯಲ್ಲಿ ಅದು ಗಾಳಿಮಳೆ, ಪಕ್ಕದ ಮನೆಯ ಅಕ್ಕನ ಬಾಯಲ್ಲಿ ಗಾಲಿವಾನ, ಬೀದಿಯ ಕೊನೆಯ ಮನೆಯ ತಾತನಿಗೆ ಕಾತ್ತುಮಳೈ. ಒಂದು ಕಡೆ ಸ್ವಲ್ಪ ದೂರ ಹೋದರೆ ಆಂಧ್ರದ ಕುಪ್ಪಂ ಸೀಮೆ, ಇನ್ನೊಂದು ಕಡೆ ತಮಿಳುನಾಡಿನ ಕೃಷ್ಣಗಿರಿ ಸೀಮೆ. ಹಾಗಾಗಿ ಮೋಡ ಕಟ್ಟಿತೆಂದರೆ ನಮ್ಮ ಬೀದಿಯಲ್ಲಿ ಮೂರು ಭಾಷೆಯಲ್ಲಿ ಕೂಗು ಏಳುತ್ತದೆ. ಮೂರರ ಅರ್ಥವೂ ಒಂದೇ: ಮಾಳಿಗೆ ಮೇಲಿನ ಸಂಡಿಗೆ ತೆಗೀರಿ.

ಈ ಸಲ ಅದು ಬಂದದ್ದು ಭರಣಿಯಲ್ಲಿ. ಏಪ್ರಿಲ್ ಕೊನೆಯಿಂದ ಮೇ ಹತ್ತರ ಆಸುಪಾಸಿನವರೆಗೆ ಭರಣಿ, ಆಮೇಲೆ ಕೃತ್ತಿಕೆ, ಅದರ ಹಿಂದೆ ರೋಹಿಣಿ. ಭರಣಿ ಬಿದ್ದರೆ ಧರಣಿಯೆಲ್ಲ ಬೆಳೆ ಅನ್ನುವ ಮಾತು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅವತ್ತು ಮಧ್ಯಾಹ್ನ ಮೂರೂವರೆಗೆ ಒಂದು ಎಲೆ ಅಲುಗುತ್ತಿರಲಿಲ್ಲ. ಬೀದಿನಾಯಿ ಬಚ್ಚಲ ಮೋರಿಯ ತೇವದಲ್ಲಿ ಹೊಟ್ಟೆ ಊರಿ ಮಲಗಿತ್ತು. ನಾಲ್ಕಕ್ಕೆ ಬೆಟ್ಟದ ಕಡೆ ಕಪ್ಪಾಯಿತು. ಮೊದಲು ಧೂಳು ಬಂತು, ಅದರ ಹಿಂದೆ ಗಾಳಿ, ಗಾಳಿಯ ಹಿಂದೆ ಒಂದೊಂದೇ ದೊಡ್ಡ ಹನಿ. ಆಮೇಲೆ ಶೀಟಿನ ಮೇಲೆ ಯಾರೋ ಜಲ್ಲಿ ಸುರಿದ ಸದ್ದು. ಆಲಿಕಲ್ಲು. ಅತ್ತೆ ಹಜಾರದ ಬಾಗಿಲಲ್ಲಿ ನಿಂತು, ಅಂಗಳಕ್ಕೆ ಬಿದ್ದ ಒಂದು ಕಲ್ಲನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಅದು ಕರಗುವವರೆಗೂ ಅವರು ಮಾತಾಡಲಿಲ್ಲ. ಎಂಬತ್ತು ದಾಟಿದ ಹೆಂಗಸು. ಎಷ್ಟು ಭರಣಿ ನೋಡಿದ್ದಾರೋ. ಆದರೂ ಪ್ರತಿ ಸಲ ಒಂದು ಆಲಿಕಲ್ಲು ಅವರ ಕೈಗೆ ಹೋಗಲೇಬೇಕು.

ಒಂದು ಗಂಟೆ ಹೊಡೆಯಿತು. ಕರೆಂಟು ಹೋಯಿತು. ರಾತ್ರಿಯೆಲ್ಲ ಕಪ್ಪೆಗಳು. ಬೇಸಿಗೆಯ ನಾಲ್ಕು ತಿಂಗಳು ಎಲ್ಲಿದ್ದವೋ, ಹೆಸರು ಕೂಗಿ ಕರೆದ ಹಾಗೆ ಎದ್ದು ಬಂದಿದ್ದವು.

ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದಾಗ ಕಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ಹೂವಿನ ಮಾತಿಗೆ ಆಮೇಲೆ ಬರೋಣ. ಯಾಕೆಂದರೆ ಗಾಳಿಮಳೆಯನ್ನು ಬರೀ ಚೆಂದ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ನುಗ್ಗೆಮರ ಸೊಂಟಕ್ಕೆ ಮುರಿದು ಬಿದ್ದಿತ್ತು. ನುಗ್ಗೆಯ ಕಟ್ಟಿಗೆಯೇ ಹಾಗೆ, ಒಳಗೆ ಬೆಂಡು. ಗಾಳಿಗೆ ಮೊದಲ ಬಲಿ ಅದೇ. ಮೂರು ಬಾಳೆ ಬುಡಸಮೇತ ಮಲಗಿದ್ದವು. ಅದರಲ್ಲಿ ಒಂದು ಗೊನೆ ಬಿಟ್ಟಿತ್ತು, ಇನ್ನೂ ಎಳಸು. ಬಚ್ಚಲ ಮನೆಯ ಶೀಟು ಹಾರಿ ಆಚೆ ಮನೆಯ ಹುಲ್ಲಿನ ಬಣವೆ ಮೇಲೆ ಕೂತಿತ್ತು. ನಮ್ಮದು ಇಷ್ಟೇ. ಅಕ್ಕನ ತಮ್ಮನದು ಅರ್ಧ ಎಕರೆ ಟೊಮೇಟೊ. ಕಡ್ಡಿ ನೆಟ್ಟು, ತಂತಿ ಎಳೆದು, ದಾರ ಕಟ್ಟಿ ನಿಲ್ಲಿಸಿದ ಗಿಡಗಳು ಸಾಲಿಗೆ ಸಾಲೇ ನೆಲಕಚ್ಚಿದ್ದವು. ಆಲಿಕಲ್ಲು ಬಿದ್ದ ಕಾಯಿಯ ಮೇಲೆ ಒಂದೊಂದು ಚುಕ್ಕೆ, ಆ ಚುಕ್ಕೆಯಿಂದಲೇ ಕೊಳೆತ. ಕೋಲಾರದ ಮಾರುಕಟ್ಟೆಗೆ ಹೋಗಬೇಕಾದ ಕಾಯಿ ಅದು. ಶ್ರೀನಿವಾಸಪುರದ ಕಡೆಯ ಮಾವಿನ ತೋಪುಗಳಲ್ಲಿ ಇಂಥ ಒಂದು ಸಂಜೆಗೆ ವರ್ಷದ ಸಂಪಾದನೆ ಮಣ್ಣಿಗೆ ಬೀಳುತ್ತದೆ. ಉದುರಿದ ಕಾಯಿಯನ್ನು ಉಪ್ಪಿನಕಾಯಿಗೆಂದು ಸಿಕ್ಕಿದ ಬೆಲೆಗೆ ಕೊಡುವವರ ಮುಖ ನೋಡಿದವರಿಗೆ ಮಳೆಯ ವರ್ಣನೆ ಗಂಟಲಲ್ಲೇ ನಿಲ್ಲುತ್ತದೆ.

ಅಕ್ಕ ಕಾಂಪೌಂಡಿನ ಆಚೆ ನಿಂತು ನಮ್ಮ ಬಾಳೆಗಳನ್ನು ನೋಡಿದರು.

"ಅಯ್ಯೋ, ಗೊನೆ ಬಿಟ್ಟಿದ್ದೇ ಹೋಯ್ತಲ್ಲಮ್ಮಾ."

"ಹೋಯ್ತಕ್ಕ. ನಿಮ್ಮ ತಮ್ಮನ ತೋಟ?"

"ಏನು ಹೇಳ್ಲಿ. ಬೆಳಗಿನ ಜಾವದಿಂದ ಬದುವಿನ ಮೇಲೇ ಕೂತವ್ನೆ. ಟೀ ತಗೊಂಡು ಹೋಗ್ತಾ ಇದೀನಿ."

ಅತ್ತೆ ಮಾತ್ರ ಬಾಳೆಯ ಹತ್ತಿರ ಬಗ್ಗಿ ಬೆರಳಲ್ಲಿ ಪಟ್ಟೆಯನ್ನು ಒತ್ತಿ ನೋಡಿದರು. "ಕುಡುಗೋಲು ತಗೊಂಬಾಮ್ಮ. ನೀರು ಇಳಿಯೋ ಮುಂಚೆ ಪಟ್ಟೆ ಬಿಡಿಸ್ಬೇಕು" ಅಂದರು. ಅವತ್ತು ಮಧ್ಯಾಹ್ನದೊಳಗೆ ದಿಂಡು ಪಲ್ಯಕ್ಕೆ, ಮೂತಿ ಮಾರನೆಯ ದಿನದ ವಡೆಗೆ, ಎಳೆಗಾಯಿ ಬಜ್ಜಿಗೆ, ಎಲೆಗಳು ನಾಲ್ಕು ಮನೆಯ ಊಟಕ್ಕೆ ಹೋದವು. ಉಳಿದ ಪಟ್ಟೆಗಳನ್ನು ಅಗಲಗಲ ಸೀಳಿ ಹಿತ್ತಲ ತಂತಿಯ ಮೇಲೆ ಬಟ್ಟೆ ಹಾಕಿದ ಹಾಗೆ ಒಣಗಲು ಹಾಕಿದರು. ಅದು ಯಾತಕ್ಕೆಂದು ನಾನು ಕೇಳಲಿಲ್ಲ. ಮದುವೆಯಾಗಿ ಬಂದು ಮೂವತ್ತು ವರ್ಷ ದಾಟಿದೆ, ಗೊತ್ತಾಗದೇ ಇರುತ್ತದೆಯೇ.

ನಮ್ಮ ಹಿತ್ತಲು ದೊಡ್ಡದೇನಲ್ಲ. ಉದ್ದಕ್ಕೆ 30 ಹೆಜ್ಜೆ, ಅಗಲಕ್ಕೆ ಅದರ ಅರ್ಧ. ಒಂದು ಕರಿಬೇವು, ಒಂದು ನಿಂಬೆ, ಬಚ್ಚಲ ನೀರು ಹರಿಯುವ ಕಾಲುವೆಗೆ ಬಾಳೆ, ಗೋಡೆಗೆ ಎರಡು ಬಗೆಯ ದಾಸವಾಳ, ಬಾವಿಕಟ್ಟೆಯ ಹತ್ತಿರ ನಂದಬಟ್ಟಲು, ಚಪ್ಪರಕ್ಕೆ ರಂಗೂನ್ ಬಳ್ಳಿ, ನೆಲದಲ್ಲಿ ಕನಕಾಂಬರ, ಸಂಜೆಮಲ್ಲಿಗೆ. ಮತ್ತೆ ಏಳು ಬುಡ ದುಂಡುಮಲ್ಲಿಗೆ. ಬಾವಿಕಟ್ಟೆ ಅಂದೆ, ಬಾವಿ ಬತ್ತಿ ಬಹಳ ವರ್ಷವಾಯಿತು. ಕಟ್ಟೆ ಈಗ ಅತ್ತೆ ಕೂತು ಹೂ ಕಟ್ಟುವ ಜಾಗ.

ಕೋಲಾರ ಜಿಲ್ಲೆಯವರು ನೀರಿನ ವಿಷಯ ಎತ್ತಿದರೆ ನಿಲ್ಲಿಸುವುದಿಲ್ಲ ಅನ್ನುತ್ತಾರೆ. ನಿಲ್ಲಿಸುವುದು ಹೇಗೆ? ವರ್ಷವಿಡೀ ಹರಿಯುವ ಒಂದು ಹೊಳೆ ಇಲ್ಲದ ಜಿಲ್ಲೆ ನಮ್ಮದು. ಪಾಲಾರ್ ಇದೆ, ಮಾರ್ಕಂಡೇಯ ಇದೆ. ಮಳೆ ಬಂದರೆ ಹೊಳೆ, ಇಲ್ಲದಿದ್ದರೆ ಮರಳು. ಅದಕ್ಕೇ ಹಿಂದಿನವರು ಲೆಕ್ಕವಿಲ್ಲದಷ್ಟು ಕೆರೆ ಕಟ್ಟಿ, ನಮ್ಮಂಥ ಊರುಗಳಿಗೆ ಸಮುದ್ರ ಅನ್ನುವ ಹೆಸರಿಟ್ಟರು. ಸಮುದ್ರವನ್ನು ಕಣ್ಣಲ್ಲಿ ಕಾಣದವರು ಕೆರೆಯಲ್ಲಿ ನಿಂತ ನೀರಿಗೆ ಕೊಟ್ಟ ಗೌರವ ಅದು. ನನಗೆ ಆ ಹೆಸರಿನ ಮೇಲೆ ಬಲು ಪ್ರೀತಿ. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧಮಾಡಿ 2018ರಿಂದ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ನಮ್ಮ ತಾಲ್ಲೂಕಿನಲ್ಲೇ ಮಾರ್ಕಂಡೇಯ ಹೊಳೆಗೆ ಯರಗೋಳಿನಲ್ಲಿ ಕಟ್ಟಿದ ಅಣೆಕಟ್ಟು 2023ರಲ್ಲಿ ಉದ್ಘಾಟನೆಯಾಯಿತು. ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳ ಕುಡಿಯುವ ನೀರಿಗೆಂದು ಕಟ್ಟಿದ್ದು. ಮಿಕ್ಕಂತೆ ಬೋರ್‌ವೆಲ್. ಸಾವಿರ ಅಡಿ ಅನ್ನುವುದು ನಮ್ಮಲ್ಲಿ ದೊಡ್ಡ ಆಳವಲ್ಲ.

ಹೀಗಿರುವಾಗ ಹೂವಿನ ಗಿಡಕ್ಕೆ ಯಾರು ಒಳ್ಳೆಯ ನೀರು ಹಾಕುತ್ತಾರೆ? ಅಕ್ಕಿ ತೊಳೆದ ನೀರು ಮಲ್ಲಿಗೆಗೆ, ಸೊಪ್ಪು ತೊಳೆದದ್ದು ದಾಸವಾಳಕ್ಕೆ, ಪಾತ್ರೆ ತೊಳೆದದ್ದು ಬಾಳೆಗೆ. ಅತ್ತೆ ಕೈ ತೊಳೆಯುವುದೂ ಕನಕಾಂಬರದ ಬುಡದಲ್ಲೇ. ಫೆಬ್ರವರಿಯಿಂದ ಮೇವರೆಗೆ ಒಂದೊಂದು ಗಿಡಕ್ಕೂ ಇಷ್ಟು ಚೊಂಬು ಎಂಬ ಲೆಕ್ಕ. ಬೋರ್ ನೀರನ್ನೇ ಹಾಕಿದ ಕುಂಡಗಳ ಅಂಚಿಗೆ ಬಿಳಿಯ ಉಪ್ಪು ಕಟ್ಟುತ್ತದೆ. ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಉದುರುತ್ತದೆ. ಆ ಉಪ್ಪನ್ನು ಕುಡಿದೇ ಗಿಡ ಬೇಸಿಗೆ ಕಳೆಯುತ್ತದೆ. ಸಾಯುವುದಿಲ್ಲ. ಎಲೆಯ ತುದಿ ಕಂದಿಸಿಕೊಂಡು, ಮೊಗ್ಗು ಬಿಡುವ ಯೋಚನೆಯನ್ನೇ ಬಿಟ್ಟು, ಸುಮ್ಮನೆ ನಿಂತಿರುತ್ತದೆ. ಚೊಂಬಿನ ನೀರಿಗೆ ಗಿಡ ಬದುಕುತ್ತದೆ, ಅರಳಬೇಕಾದರೆ ಆಕಾಶದ್ದೇ ಬೇಕು: ಇದು ನಾನು ಈ ಹಿತ್ತಲಲ್ಲಿ ವರ್ಷವರ್ಷ ಕಂಡದ್ದು. ಕಾರಣಗಳನ್ನೂ ತಿಳಿದವರು ಹೇಳುತ್ತಾರೆ. ಮಳೆನೀರಲ್ಲಿ ಉಪ್ಪಿಲ್ಲ, ಬೇರಿನ ಸುತ್ತ ಕಟ್ಟಿದ ಉಪ್ಪನ್ನೂ ಅದು ಕೆಳಕ್ಕೆ ಇಳಿಸುತ್ತದೆ. ಎಲೆಯ ಮೇಲಿನ ಧೂಳು ತೊಳೆದು ಗಿಡ ಉಸಿರಾಡುತ್ತದೆ. ಕಾದ ನೆಲ ಒಂದೇ ಸಂಜೆಗೆ ತಣಿಯುತ್ತದೆ. ಮಿಂಚು ಗಾಳಿಯಲ್ಲಿರುವ ಸಾರಜನಕವನ್ನು ಒಡೆದು ಹನಿಯ ಜೊತೆ ನೆಲಕ್ಕೆ ಇಳಿಸುತ್ತದೆ. ಇನ್ನೂ ಒಂದಿದೆ: ಒಣಗಿ ಬಾಯಾರಿದ ಗಿಡದಲ್ಲಿ ಮೊಗ್ಗು ನಿದ್ದೆಯಲ್ಲಿರುತ್ತದೆ, ಒಮ್ಮೆಲೆ ಬಿದ್ದ ನೀರು ಅದನ್ನು ಎಬ್ಬಿಸುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿಯವರು ಬೇಸಿಗೆಯ ಮೊದಲ ಮಳೆಗೆ ಹೂಮಳೆ ಅಂತಲೇ ಹೆಸರಿಟ್ಟಿದ್ದಾರೆ. ಆ ಮಳೆ ಬಿದ್ದ ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ನಮ್ಮ ನಿಂಬೆಗಿಡವೂ ಅದೇ ಜಾತಿಯ ಹಟದ್ದು. ಬೇಸಿಗೆಯಲ್ಲಿ ಎಷ್ಟು ಉಪಚಾರ ಮಾಡಿದರೂ ಒಂದು ಹೂ ಕೊಡದೆ, ಗಾಳಿಮಳೆಯಾದ ವಾರಕ್ಕೆ ಮುಳ್ಳಿನ ಸಂದಿಯಲ್ಲೆಲ್ಲ ನಸುಗೆಂಪು ಮೊಗ್ಗು ಇಡುತ್ತದೆ.

ಮಣ್ಣಿನ ವಾಸನೆಯ ಮಾತು ಬಿಟ್ಟರೆ ಮಳೆಯ ಹರಟೆ ಪೂರ್ತಿಯಾಗದು. ಮೊದಲ ಹನಿ ಬಿದ್ದಾಗ ಏಳುವ ಆ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಇಬ್ಬರು ವಿಜ್ಞಾನಿಗಳು ಪೆಟ್ರಿಕಾರ್ ಎಂದು ಹೆಸರಿಟ್ಟರು. ಒಣಕಲ್ಲು, ಒಣಮಣ್ಣು ಹೀರಿಟ್ಟುಕೊಂಡ ಎಣ್ಣೆಯಂಥ ಅಂಶಗಳು ಹನಿ ತಾಗಿದಾಗ ಮೇಲೇಳುತ್ತವೆ; ಜೊತೆಗೆ ಮಣ್ಣಿನ ಸೂಕ್ಷ್ಮಜೀವಿಗಳು ಹುಟ್ಟಿಸುವ ಜಿಯೋಸ್ಮಿನ್ ಅನ್ನುವ ವಸ್ತು ಸೇರುತ್ತದೆ. ಮನುಷ್ಯನ ಮೂಗು ಅದನ್ನು ಅತಿ ಅಲ್ಪ ಪ್ರಮಾಣದಲ್ಲೂ ಹಿಡಿಯಬಲ್ಲದು. ಆ ಇಬ್ಬರಿಗಿಂತ ಬಹಳ ಹಿಂದೆಯೇ ಉತ್ತರಪ್ರದೇಶದ ಕನೌಜಿನಲ್ಲಿ ಈ ವಾಸನೆಯನ್ನು ಸೀಸೆಗೆ ಇಳಿಸಿದ್ದರು. ಸುಟ್ಟ ಮಣ್ಣನ್ನು ತಾಮ್ರದ ಹಂಡೆಯಲ್ಲಿ ಬೇಯಿಸಿ, ಆವಿಯನ್ನು ಶ್ರೀಗಂಧದ ಎಣ್ಣೆಗೆ ಹಿಡಿದು ಮಿಟ್ಟಿ ಅತ್ತರ್ ಮಾಡುತ್ತಾರೆ. ನನ್ನ ತಮ್ಮ ಒಮ್ಮೆ ಒಂದು ಪುಟ್ಟ ಸೀಸೆ ತಂದುಕೊಟ್ಟಿದ್ದ. ಅತ್ತೆ ಮುಚ್ಚಳ ತೆಗೆದು ಮೂಸಿ, ಕಣ್ಣು ಮುಚ್ಚಿ, "ಚೆಲ್ಲಬೇಡ, ಬರಗಾಲದ ವರ್ಷಕ್ಕೆ ಇಡು" ಅಂದಿದ್ದರು. ಅದು ಇನ್ನೂ ದೇವರ ಗೂಡಿನಲ್ಲಿದೆ.

ಹೂವಿನ ಮಾತಿಗೆ ಬಂದೆ. ಗಾಳಿಮಳೆಯಾದ ನಾಲ್ಕನೆಯ ಬೆಳಿಗ್ಗೆ ಮೊದಲು ಎದ್ದವು ಮಳೆಲಿಲ್ಲಿಗಳು. ನಮ್ಮ ಬೀದಿಯ ಮಕ್ಕಳು ಈರುಳ್ಳಿಹೂ ಅನ್ನುತ್ತಾರೆ. ನೆಲದೊಳಗೆ ಸಣ್ಣ ಈರುಳ್ಳಿಯಂಥದೇ ಗೆಡ್ಡೆ. ಹಿಂದಿನ ದಿನದ ತನಕ ಅಲ್ಲಿ ಹುಲ್ಲಿನಂಥ ನಾಲ್ಕು ಎಲೆಯಲ್ಲದೆ ಏನೂ ಇರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬಾವಿಕಟ್ಟೆಯ ಸುತ್ತ ಗುಲಾಬಿ ಬಣ್ಣದ ಆರಾರು ಎಸಳಿನ ಹೂಗಳು, ಒಂದೊಂದು ಕಡ್ಡಿಗೆ ಒಂದೊಂದು. ಎಣಿಸಿದೆ: 47. ಸಸ್ಯಶಾಸ್ತ್ರದವರು ಇವಕ್ಕೆ ಇಟ್ಟ ಹೆಸರು ಜೆಫಿರಾಂಥಸ್. ಗ್ರೀಕರ ಮಾತಿನಲ್ಲಿ ಪಡುವಣ ಗಾಳಿಯ ಹೂ ಎಂದು ಅರ್ಥವಂತೆ. ಅಮೆರಿಕ ಖಂಡದಿಂದ ಬಂದ ಗಿಡ. ಕಡಲು ದಾಟಿ ಕಾಮಸಮುದ್ರಕ್ಕೆ ಬಂದು, ನಮ್ಮ ಭರಣಿಯ ಲೆಕ್ಕವನ್ನು ನಮಗಿಂತ ಚೆನ್ನಾಗಿ ಕಲಿತಿದೆ. ಕೊಡದಲ್ಲಿ ನೀರು ಹೊಯ್ದು ಎಬ್ಬಿಸೋಣವೆಂದು ಹಿಂದೊಂದು ವರ್ಷ ನೋಡಿದ್ದೆ. ಎಲೆ ಬಂತು, ಹೂ ಬರಲಿಲ್ಲ.

ಮಳೆಲಿಲ್ಲಿಯ ಮುಂದೆ ಕುಕ್ಕುರುಗಾಲಲ್ಲಿ ಕೂತರೆ ನನಗೆ ಬೂದಿಕೋಟೆ ನೆನಪಾಗುತ್ತದೆ. ಸಂಬಂಧ ಇದೆ, ಕೇಳಿ. ನಮ್ಮ ತಾಲ್ಲೂಕಿನದೇ ಊರು, ನಮಗೆ ನೆರೆಯದು. ಹೈದರಾಲಿ ಹುಟ್ಟಿದ್ದು ಅಲ್ಲಿ. ಅವನ ತಂದೆ ಫತೇ ಮಹಮ್ಮದ್ ಸಿರಾದ ನವಾಬನ ಕೈಕೆಳಗೆ ಇದ್ದವನು. ಆ ತಂದೆಯ ಗೋರಿ ಕೋಲಾರ ಪಟ್ಟಣದಲ್ಲಿದೆ. ಮುಂದೆ ಮೈಸೂರನ್ನೇ ಆಳಿದ ಹೈದರಾಲಿ 1760ರಲ್ಲಿ ಬೆಂಗಳೂರಿನಲ್ಲಿ ಸುಮಾರು 40 ಎಕರೆಗೆ ಒಂದು ತೋಟ ಹಾಕಿಸಿದ, ಸಿರಾದ ತೋಟದ ಮಾದರಿ ನೋಡಿಕೊಂಡು. ಅದೇ ಲಾಲ್‌ಬಾಗ್. ಮಗ ಟಿಪ್ಪು ದೂರದೂರದ ದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದ. ಈಗ ಅದು 240 ಎಕರೆ. ಇತಿಹಾಸದ ಪುಸ್ತಕಗಳಲ್ಲಿ ಹೈದರಾಲಿಯ ಯುದ್ಧಗಳಿಗೆ ಪುಟಗಟ್ಟಲೆ ಜಾಗ ಇರುತ್ತದೆ, ತೋಟಕ್ಕೆ ಎರಡು ಸಾಲು. ನನಗೆ ಮಾತ್ರ ಆ ಎರಡು ಸಾಲೇ ಹೆಚ್ಚು ಬೇಕಾದದ್ದು. ಬಂಡೆ, ಜಾಲಿ, ಒಣಕೆರೆಯ ಸೀಮೆಯಲ್ಲಿ ಹುಟ್ಟಿದವನಿಗೆ ತೋಟದ ಆಸೆ ಹುಟ್ಟದೆ ಇನ್ನಾರಿಗೆ ಹುಟ್ಟಬೇಕು? ಬೂದಿಕೋಟೆಯ ಯಾವುದಾದರೂ ಮನೆಯ ಹಿಂದೆ, ಭರಣಿ ಮಳೆಯಾದ ವಾರದಲ್ಲಿ, ಒಂದು ಹೂಗಿಡದ ಮುಂದೆ ಆ ಹುಡುಗನೂ ಕುಕ್ಕುರುಗಾಲಲ್ಲಿ ಕೂತಿದ್ದನೆಂದು ಊಹಿಸಿಕೊಳ್ಳುವುದು ನನಗೆ ಇಷ್ಟ. ಇದು ಊಹೆ, ಚರಿತ್ರೆಯಲ್ಲ.

ಬೀದಿಯ ಕೊನೆಯ ಮನೆಯ ತಾತ ಇದೇ ದಿನಗಳಲ್ಲಿ ನಮ್ಮ ಹಿತ್ತಲಿಗೆ ಬರುತ್ತಾರೆ. ಅವರದು ಕೆಜಿಎಫ್. ಗಣಿಯೊಳಗೆ ದುಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಕೆಲವು ವರ್ಷ ಅಲ್ಲಿಯೇ ಲೈನ್ ಮನೆಯಲ್ಲಿದ್ದು, ಮಗಳು ಸೇರಿದ ಊರೆಂದು ಇಲ್ಲಿಗೆ ಬಂದರು. ಮನೆಯ ಮುಂದೆ ಎಣ್ಣೆ ಡಬ್ಬಗಳಲ್ಲಿ ಗುಲಾಬಿ ಬೆಳೆಸಿದ್ದಾರೆ. ಹೊಸೂರು ಕಡೆಯಿಂದ ತಂದ ಕಡ್ಡಿಗಳು. ಡಬ್ಬಗಳನ್ನು ಗಾಳಿ ಉರುಳಿಸಿತ್ತು. ಒಂದೊಂದನ್ನೇ ನಿಲ್ಲಿಸಿ, ಮುರಿದ ರೆಂಬೆಯನ್ನು ಗಿಣ್ಣಿನ ಮೇಲೆ ಓರೆಯಾಗಿ ಕತ್ತರಿಸಿ, ಬುಡಕ್ಕೆ ಟೀ ಸೊಪ್ಪು ಹಾಕಿ, ಆಮೇಲೆ ನಮ್ಮಲ್ಲಿಗೆ ಬಂದಿದ್ದರು.

"ತಾತ, ಗಣೀಲಿ ಇದ್ದಾಗ ಮಳೆ ಬಂದ್ರೆ ಗೊತ್ತಾಗ್ತಿತ್ತಾ?" ನಮ್ಮ ಮನೆಯ ಚಿಕ್ಕ ಹುಡುಗಿ ಕೇಳಿದಳು.

"ಕೆಳಗೆ ಮಳೆ ಎಲ್ಲಿಂದ ಗೊತ್ತಾಗ್ಬೇಕು ಪಾಪಾ. ಕೆಳಗೆ ಯಾವಾಗ್ಲೂ ಶಾಖ. ಶಿಫ್ಟು ಮುಗಿಸಿ ಕೇಜಲ್ಲಿ ಮೇಲಕ್ಕೆ ಬರ್ತೀವಲ್ಲ, ಬಾಯಿಗೆ ಬರೋ ಮುಂಚೆ ಒಂದು ಗಾಳಿ ಮುಖಕ್ಕೆ ಹೊಡೀತದೆ. ಅದ್ರಲ್ಲಿ ಮಣ್ಣು ವಾಸನೆ ಇದ್ರೆ ಮೇಲೆ ಮಳೆ ಆಗೈತೆ ಅಂತ. ಕೇಜಲ್ಲಿರೋರೆಲ್ಲ ಒಂದೇ ಸಲ ಮೂಗು ಎತ್ತೋರು."

ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು. ಅಷ್ಟು ಆಳದಿಂದ ಬಂದ ಮನುಷ್ಯನ ಮೂಗಿಗೆ ಮೊದಲು ಸಿಕ್ಕಿದ್ದು ಒದ್ದೆ ಮಣ್ಣು ಅನ್ನುವುದನ್ನು ಕೇಳಿದಾಗಿನಿಂದ ನನಗೆ ಪೆಟ್ರಿಕಾರ್, ಜಿಯೋಸ್ಮಿನ್ ಎಲ್ಲ ಚಿಕ್ಕ ಮಾತಾಗಿ ಕಾಣುತ್ತವೆ.

ಕೆಜಿಎಫ್‌ನಲ್ಲಿ ತೋಟಗಳಿದ್ದವು, ದೊಡ್ಡ ತೋಟಗಳು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಬಂಗಲೆಗಳು, ಬಂಗಲೆಗೆ ಹೂದೋಟ, ಹುಲ್ಲುಹಾಸು. ಊರಿಗೆ ಪುಟ್ಟ ಇಂಗ್ಲೆಂಡ್ ಎಂಬ ಹೆಸರೇ ಬಿದ್ದಿತ್ತು. ಪಾಲಾರಿನ ನೀರು ಬೇತಮಂಗಲದಿಂದ ಬರುತ್ತಿತ್ತು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಬಂತು, ಬೆಂಗಳೂರಿಗಿಂತ ಮೂರು ವರ್ಷ ಮೊದಲು. ತಾತ ಹೇಳುವುದು ಬೇರೆ ತೋಟದ ಕಥೆ. ಕೂಲಿ ಲೈನಿನ ಒಂದೊಂದು ಕೋಣೆಯ ಮನೆಗಳ ಮುಂದೆ, ತಟ್ಟಿ ಗೋಡೆಗೆ ಒರಗಿಸಿ, ಒಡೆದ ಬಕೆಟ್ಟಿನಲ್ಲಿ ಅವರ ತಾಯಿ ಬೆಳೆಸಿದ ಡಿಸೆಂಬರ್ ಹೂ, ಕನಕಾಂಬರ. ಬೇಸಿಗೆಯ ಗಾಳಿಗೆ ಸೈನೈಡ್ ದಿಬ್ಬಗಳ ಬೂದುಪುಡಿ ಎದ್ದು ಊರಿನ ಮೇಲೆಲ್ಲ ಕೂರುತ್ತಿತ್ತು. ಅಂಗಳ, ಅನ್ನ, ಎಲೆ ಎಲ್ಲದರ ಮೇಲೂ. ಚಿನ್ನ ತೆಗೆದ ಮೇಲೆ ಉಳಿದ ನುಣ್ಣನೆಯ ಪುಡಿ ಅದು. ದಿಬ್ಬಗಳು ಈಗಲೂ ಇವೆ. ತಾಯಿ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸುತ್ತಿದ್ದರಂತೆ. "ಗಾಳಿಮಳೆ ಬಂದ ಮಾರನೇ ದಿನ ಅಮ್ಮನಿಗೆ ರಜಾ" ಅಂದರು ತಾತ. ಹೇಳಿ ತುಂಬ ಹೊತ್ತು ನಂದಬಟ್ಟಲಿನ ಕಡೆ ನೋಡುತ್ತಾ ಕೂತಿದ್ದರು.

ಮಧ್ಯದಲ್ಲಿ ಅಕ್ಕನ ಗಾಲಿವಾನವನ್ನು ಮರೆತೆ. ಆ ಹೆಸರಿನ ಒಂದು ತೆಲುಗು ಕಥೆ ಇದೆ, ಪಾಲಗುಮ್ಮಿ ಪದ್ಮರಾಜು ಬರೆದದ್ದು. ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್ ಪತ್ರಿಕೆಯ ಅಂತರರಾಷ್ಟ್ರೀಯ ಸಣ್ಣಕಥೆಗಳ ಸ್ಪರ್ಧೆಯಲ್ಲಿ 1952ರಲ್ಲಿ ಅದಕ್ಕೆ ಎರಡನೆಯ ಬಹುಮಾನ ಬಂತು. ರೈಲಿನಲ್ಲಿ ಹೊರಟ ಶಿಸ್ತಿನ ಮನುಷ್ಯನೊಬ್ಬ, ಅವನು ಹತ್ತಿರ ಸೇರಿಸದ ಭಿಕ್ಷುಕಿಯೊಬ್ಬಳು, ಇಬ್ಬರನ್ನೂ ಒಂದೆಡೆ ನಿಲ್ಲಿಸುವ ಬಿರುಗಾಳಿ. ಗಾಳಿಮಳೆಯಾದ ರಾತ್ರಿಗಳಲ್ಲಿ ನಮ್ಮ ಸ್ಟೇಷನ್ನಿನಲ್ಲಿ ಗಾಡಿ ನಿಂತ ಸದ್ದು ಕೇಳಿದಾಗ ನನಗೆ ಆ ಕಥೆ ನೆನಪಾಗುತ್ತದೆ. ಬೆಂಗಳೂರಿನಿಂದ ಜೋಲಾರಪೇಟೆಗೆ ಹೋಗುವ ಹಳಿ ಇದು, 1864ರದು. ನಮ್ಮ ಜಂಕ್ಷನ್ ಬಂಗಾರಪೇಟೆಗೆ ಆಗ ಬೌರಿಂಗ್ ಸಾಹೇಬನ ಹೆಸರಲ್ಲಿ ಬೌರಿಂಗ್‌ಪೇಟೆ ಎಂದು ಹೆಸರು.

ಆರನೆಯ ರಾತ್ರಿ ಯಾರೂ ಹೊರಗೆ ಬರಬೇಡಿ ಎಂದು ಸುದ್ದಿ ಬಂತು. ಆನೆಗಳು. ಮಳೆಯಾಗಿ ಹಸಿರು ಚಿಗುರಿದರೆ, ಹಲಸು ಹಣ್ಣಾಗಿ ವಾಸನೆ ಬಂದರೆ, ಕಾಡಂಚಿನ ನಮ್ಮ ಹೋಬಳಿಯ ಹಳ್ಳಿಗಳ ಕಡೆ ಅವು ತಿರುಗುತ್ತವೆ. 1980ರ ದಶಕದಲ್ಲಿ ಹೊಸೂರು ಕಡೆಯ ಕಾಡುಗಳಿಂದ ಹೊರಟ ಹಿಂಡುಗಳು ಚಿತ್ತೂರು ಜಿಲ್ಲೆಯ ಕಾಡು ಸೇರಿದವು. ಅವಕ್ಕಾಗಿಯೇ 1990ರಲ್ಲಿ ಆಂಧ್ರದವರು ಕೌಂಡಿನ್ಯ ಅಭಯಾರಣ್ಯ ಮಾಡಿದರು. ಆನೆಗೆ ರಾಜ್ಯದ ಗಡಿ ಗೊತ್ತಿಲ್ಲ, ರಾಗಿ ಗೊತ್ತು. ಜೀವ ಕಳೆದುಕೊಂಡ ರೈತರೂ ಇದ್ದಾರೆ, ಸತ್ತ ಆನೆಗಳೂ ಇವೆ. ಅದನ್ನು ಹೀಗೆ ಒಂದು ಸಾಲಲ್ಲಿ ಹೇಳಿ ಮುಗಿಸುವುದು ಸರಿಯಲ್ಲ, ಅದಕ್ಕೇ ಬೇರೆ ಬರೆಯಬೇಕು. ಆ ರಾತ್ರಿ ಬೀದಿಯವರೆಲ್ಲ ಬಾಗಿಲು ಹಾಕಿಕೊಂಡು ಒಳಗೇ ಕೂತೆವು. ದೂರದಲ್ಲಿ ಪಟಾಕಿ ಸದ್ದು. ಹಿತ್ತಲ ಕಿಟಕಿಯಿಂದ ಒಳಕ್ಕೆ ಮಲ್ಲಿಗೆ ವಾಸನೆ ಬರುತ್ತಿತ್ತು. ಮೊದಲ ಮೊಗ್ಗುಗಳು ಒಡೆಯತೊಡಗಿದ್ದವು. ಕೊಯ್ಯಲು ಯಾರೂ ಹೋಗುವ ಹಾಗಿರಲಿಲ್ಲ.

ಎಂಟನೆಯ ದಿನ ಸಂಜೆ ನಾಲ್ಕಕ್ಕೆ ಕೊಯ್ದೆವು. ದುಂಡುಮಲ್ಲಿಗೆಯನ್ನು ಕೊಯ್ಯುವ ಹೊತ್ತು ಅದು. ಮೊಗ್ಗು ತುಂಬಿಕೊಂಡು ಬೆಳ್ಳಗಾಗಿರಬೇಕು, ಬಾಯಿ ತೆರೆದಿರಬಾರದು. ಹಸಿರು ಛಾಯೆ ಇರುವುದನ್ನು ನಾಳೆಗೆ ಬಿಡಬೇಕು. ಏಳು ಬುಡಕ್ಕೆ ಎರಡು ಮೊರ ಮೊಗ್ಗು. ಬೇಸಿಗೆಯಲ್ಲೆಲ್ಲ ದಿನಕ್ಕೆ ಒಂದು ಹಿಡಿ ಸಿಕ್ಕರೆ ಹೆಚ್ಚಾಗಿದ್ದ ಗಿಡಗಳು ಇವು.

ಅತ್ತೆ ತಂತಿಯ ಮೇಲಿಂದ ಬಾಳೆಪಟ್ಟೆ ಇಳಿಸಿದರು. ಎಂಟು ದಿನದ ಬಿಸಿಲಿಗೆ ಅದು ಕಾಗದದ ಹಾಗೆ ಒಣಗಿ ಕಂದು ಬಣ್ಣಕ್ಕೆ ಬಂದಿತ್ತು. ಅದನ್ನು ಚೊಂಬಿನ ನೀರಿನಲ್ಲಿ ಒಂದು ಕ್ಷಣ ಅದ್ದಿ, ಹೆಬ್ಬೆರಳ ಉಗುರಿನಿಂದ ಸೀಳಿದರು. ಒಂದು ಪಟ್ಟೆಗೆ ಹತ್ತು ಹನ್ನೆರಡು ಎಳೆ. ಎರಡು ಎಳೆಯ ತುದಿಯನ್ನು ಕಾಲ ಹೆಬ್ಬೆರಳಿಗೆ ಸುತ್ತಿ, ಈಚೆಗೆರಡು ಮೊಗ್ಗು, ಆಚೆಗೆರಡು ಮೊಗ್ಗು ಇಟ್ಟು, ಎಳೆಯನ್ನು ಒಂದು ಸುತ್ತು ತಂದು ಮಡಿಸಿ ಎಳೆದರು. ಮತ್ತೆ ಎರಡು, ಮತ್ತೆ ಎರಡು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೂ ಅವರಿಗೆ ಹತ್ತಿರದ್ದು ಅಷ್ಟಾಗಿ ಕಾಣುವುದಿಲ್ಲ, ಕೈ ನೋಡಿಕೊಳ್ಳುತ್ತದೆ. ನೂಲಿನ ದಾರದಲ್ಲಿ ಕಟ್ಟಿದರೆ ಮೊಗ್ಗಿನ ತೊಟ್ಟು ಬೇಗ ಕತ್ತರಿಸಿಹೋಗುತ್ತದೆ. ಬಾಳೆನಾರು ತೊಟ್ಟನ್ನು ಹಿಡಿದುಕೊಳ್ಳುತ್ತದೆ, ತೇವವನ್ನೂ ಇಟ್ಟುಕೊಳ್ಳುತ್ತದೆ. ಹೂ ಮಾರನೆಯ ಮಧ್ಯಾಹ್ನದವರೆಗೂ ಬಾಡುವುದಿಲ್ಲ. ಕಟ್ಟುತ್ತಾ ಕಟ್ಟುತ್ತಾ ಮಾಲೆ ಬಾವಿಕಟ್ಟೆಯಿಂದ ಇಳಿದು ಮಳೆಲಿಲ್ಲಿಗಳ ಮೇಲೆ ಬಿತ್ತು. ಅಳತೆಗೆ ನನ್ನ ಮೊಳ ಉದ್ದವೆಂದು ಅವರ ಮೊಳದಲ್ಲೇ ಹಾಕಿದರು. ಹದಿನಾಲ್ಕು.

ಹೂ ಹಂಚುವ ಕೆಲಸ ಚಿಕ್ಕ ಹುಡುಗಿಯದು. ದೇವರಿಗೆ ಒಂದು ಮೊಳ. ತಾತನ ಮನೆಯಲ್ಲಿ ಗೋಡೆಯ ಮೇಲಿನ ಅವರ ತಾಯಿಯ ಫೋಟೋಗೆ ಅರ್ಧ, ಮಗಳಿಗೆ ಒಂದು. ಬೀದಿಯ ನಾಲ್ಕು ಮನೆಗೆ ನಾಲ್ಕು. ಅಕ್ಕನಿಗೆ ಕೊಡುವಾಗ ನಾನೇ ಹೋದೆ. ಟೊಮೇಟೊ ತೋಟ ಹೋದ ಮನೆಗೆ ಹೂ ತೆಗೆದುಕೊಂಡು ಹೋಗುವುದು ಹೇಗೆ ಎಂದು ಕಾಂಪೌಂಡಿನ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆ. ಅವರೇ ನೋಡಿ ಕೈ ಚಾಚಿದರು.

"ತಮ್ಮನ ಹೆಂಡ್ತಿ ಬಂದವ್ಳೆ. ಅವ್ಳಿಗೂ ಒಂದು ಮೊಳ ಕೊಡಮ್ಮ. ಎಂಟು ದಿನದಿಂದ ತಲೇನೇ ಬಾಚಿಲ್ಲ ಅವ್ಳು."

ಎರಡು ಮೊಳ ಕೊಟ್ಟೆ. ಒಳಗೆ ಜಗಲಿಯ ಮೇಲೆ ಆ ಹುಡುಗಿ ಬೆನ್ನು ಮಾಡಿ ಕೂತಿದ್ದಳು. ಅಕ್ಕ ಹಿಂದೆ ಕೂತು ಬಾಚಣಿಗೆ ಎತ್ತಿಕೊಂಡರು. ನಾನು ಮಾತಾಡದೆ ಬಂದೆ.

ಉಳಿದದ್ದನ್ನು ಬಾಳೆಲೆಯಲ್ಲಿ ಸುತ್ತಿ, ಒದ್ದೆ ಬಟ್ಟೆ ಹಾಕಿ ಡಬ್ಬಿಯಲ್ಲಿಟ್ಟೆವು. ಅಕ್ಕನ ಮಗಳು ಬೆಳಗಿನ ಪ್ಯಾಸೆಂಜರಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾಳೆ. ಕತ್ತಲಿರುವಾಗಲೇ ಸ್ಟೇಷನ್ನಿಗೆ ನಡೆದು, ಕಂಪಾರ್ಟ್‌ಮೆಂಟಿನಲ್ಲಿ ಜೊತೆಗಾತಿಯರು ಹಿಡಿದಿಟ್ಟ ಸೀಟಿನಲ್ಲಿ ಕೂರುತ್ತಾಳೆ. ಆ ಐದಾರು ಜನಕ್ಕೂ ಗೇಣು ಗೇಣು ಹೂ ಆಗಬೇಕು. ಬಂಗಾರಪೇಟೆ ದಾಟುವ ಹೊತ್ತಿಗೆ ಎಲ್ಲರೂ ಮುಡಿದಿರುತ್ತಾರಂತೆ.

ರಾತ್ರಿ ಊಟವಾದ ಮೇಲೆ ಹಿತ್ತಲ ಬಾಗಿಲು ಹಾಕಲು ಹೋದೆ. ಅತ್ತೆ ಇನ್ನೂ ಬಾವಿಕಟ್ಟೆಯ ಮೇಲೆಯೇ ಇದ್ದರು. ಮಿಕ್ಕ ಬಾಳೆಪಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಸುರುಳಿ ಸುತ್ತಿ, ಹಗ್ಗ ಹಾಕಿ, ಹಜಾರದ ಗೂಟಕ್ಕೆ ನೇತುಹಾಕಲು ನನ್ನ ಕೈಗೆ ಕೊಟ್ಟರು. ಬೆಟ್ಟದ ಕಡೆ ಸದ್ದಿಲ್ಲದೆ ಒಂದು ಮಿಂಚು ಹೋಯಿತು.

"ಮಳೆ ತಾಗದ ಕಡೆ ಹಾಕಮ್ಮ" ಅಂದರು. "ಕೃತ್ತಿಕೆ ಹೂವಿಗೆ ಬೇಕಾಗ್ತದೆ."